47ನೆಯ ನಡೆಯ ಮುಂದಿದ್ದ ಆಶ್ಚರ್ಯಸೂಚಕ ಚಿಹ್ನೆ

ಇತ್ತೀಚೆಗೆ ಆಡಿದ ಚದುರಂಗ ಟೂರ್ನಿಯ ಕೊನೆಯ ಸುತ್ತಿನಲ್ಲಿ ನಾನು ಗೆದ್ದ ಆಟವನ್ನು ಆ ರಾತ್ರಿಯೇ ಬೋರ್ಡಿನ ಮೇಲೆ ಮತ್ತೆ ಆಡಿಸಿ, ಎಂಜಿನ್ನಿನ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನ) ಸಹಾಯವಿಲ್ಲದೆ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದೆ. ಸೋತ ಆಟಕ್ಕೂ ಗೆದ್ದ ಆಟಕ್ಕೂ ಈ ಕ್ರಮವನ್ನು ನಾನು ತಪ್ಪಿಸುವುದಿಲ್ಲ: ಮೊದಲು ನನ್ನ ತಿಳುವಳಿಕೆ, ಆಮೇಲೆ ಯಂತ್ರದ್ದು. ಆ ಟಿಪ್ಪಣಿಯಲ್ಲಿ ಬಿಳಿಯ (ಅಂದರೆ ನನ್ನ) 47ನೆಯ ನಡೆಯಾದ ರಾಜ ಸಿ6 (ಅಕ್ಷರ ನಿಲುವು ಸಾಲಿನದು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲಿನದು) ಎಂಬುದರ ಮುಂದೆ ಒಳ್ಳೆಯ ನಡೆಯ ಗುರುತಾದ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿ, ಪಕ್ಕದಲ್ಲಿ "ತಾಳ್ಮೆಯ ನಡೆ, ಕಪ್ಪಿಗೆ ಇನ್ನು ನಡೆಗಳೇ ಉಳಿದಿಲ್ಲ" ಎಂದು ಬರೆದಿದ್ದೆ. ಎರಡು ದಿನಗಳ ನಂತರ ಎಂಜಿನ್ನಾದ ಸ್ಟಾಕ್‌ಫಿಶ್ ತೆರೆದಾಗ, ಆ ಒಂದು ನಡೆಯಲ್ಲಿ ಬಿಳಿಯ ಗೆಲುವು ಕಪ್ಪಿನ ಗೆಲುವಾಗಿ ತಿರುಗಿದ್ದು ಕಾಣಿಸಿತು. ಇಡೀ ಆಟದಲ್ಲಿ ನಾನು ಮೆಚ್ಚಿ ಗುರುತು ಹಾಕಿದ್ದ ಒಂದೇ ಒಂದು ನಡೆ ಸೋಲಿನ ನಡೆಯಾಗಿತ್ತು.

ಆಟದ ಆರಂಭದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನನಗೆ ಅರ್ಧ ಅಂಕ ಸಾಕಿತ್ತು. ಎದುರಾಳಿಗೆ ಪೂರ್ಣ ಅಂಕವೇ ಬೇಕಿತ್ತು. ಅವರು ಫ್ರೆಂಚ್ ಡಿಫೆನ್ಸ್ ಎಂಬ ಆರಂಭವನ್ನು ಆಡಿದೊಡನೆ ನಾನು ಮೂರನೆಯ ನಡೆಯಲ್ಲಿಯೇ ಇ ಪದಾತಿಯಿಂದ ಡಿ5ರಲ್ಲಿ ಹೊಡೆದು ಎಕ್ಸ್‌ಚೇಂಜ್ ವೇರಿಯೇಷನ್ ಆರಿಸಿಕೊಂಡೆ. ಡ್ರಾ ಬಯಸುವವರ ಆಯ್ಕೆ ಎಂದು ಅದಕ್ಕೆ ಹೆಸರಿದೆ, ನಾನು ಅದನ್ನು ಆಡಿದ್ದೂ ಆ ಕಾರಣಕ್ಕೇ. ಹತ್ತನೆಯ ನಡೆಯವರೆಗೆ ಎರಡೂ ಪಾಳೆಯಗಳು ಕನ್ನಡಿಯ ಬಿಂಬದಂತೆ ಇದ್ದವು: ಕುದುರೆಗೆ ಕುದುರೆ, ಡಿ3ರ ಒಂಟೆಗೆ ಡಿ6ರ ಒಂಟೆ, ಸಿ2ರ ಮಂತ್ರಿಗೆ ಸಿ7ರ ಮಂತ್ರಿ. ಈ ರಚನೆಯಲ್ಲಿ ಪೂರ್ತಿ ತೆರೆದ ಸಾಲು ಇ ಸಾಲೊಂದೇ ಆದ್ದರಿಂದ ಭಾರದ ಕಾಯಿಗಳೆಲ್ಲ ಅಲ್ಲಿಗೇ ಬಂದು ಅಲ್ಲಿಯೇ ಕರಗುತ್ತವೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಮೊದಲು ಒಂದು ಜೊತೆ ಆನೆಗಳು, ಬಳಿಕ ಸಣ್ಣ ಕಾಯಿಗಳು, ಕೊನೆಗೆ ಮಂತ್ರಿಗಳು ಹೋದವು. ನಾನು ಬಿ ಪದಾತಿಯನ್ನು ಬಿ5ರವರೆಗೆ ತಳ್ಳಿ ಸಿ6ರಲ್ಲಿ ಬದಲಾಯಿಸಿಕೊಂಡೆ; ಉಳಿದ ಆನೆಗಳೆರಡು ಪರಸ್ಪರರ ಎ ಮತ್ತು ಸಿ ಪದಾತಿಗಳನ್ನು ಕಿತ್ತು ತಿಂದವು.

ಇಲ್ಲಿ ಎದುರಾಳಿಗೆ ಡ್ರಾ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಬೋರ್ಡಿನಲ್ಲಿ ತಲಾ ಒಂದು ಆನೆ, ತಲಾ ನಾಲ್ಕು ಪದಾತಿಗಳು ಉಳಿದಿದ್ದಾಗ ಅವರು ರಾಜನ ಬದಿಯ ಮೂರೂ ಪದಾತಿಗಳನ್ನು ಎಫ್5, ಜಿ5, ಎಚ್5ಕ್ಕೆ ತಂದು ನಿಲ್ಲಿಸಿದರು. ನನ್ನವು ಎಫ್2, ಜಿ2, ಎಚ್2ರಲ್ಲಿ ಹುಟ್ಟಿದ ಮನೆಯನ್ನು ಬಿಟ್ಟೇ ಇರಲಿಲ್ಲ. ಅವರು ಪದಾತಿಗಳಿಗೆ ಕಳೆದ ನಡೆಗಳನ್ನು ನಾನು ರಾಜನಿಗೆ ಕಳೆದೆ. ಅವನು ಡಿ2, ಸಿ3 ದಾಟಿ ಬಿ4ಕ್ಕೆ ಬಂದಿದ್ದ. ಈ ಹಂತದಲ್ಲಿ ನನ್ನ ಆಟ ಚೆನ್ನಾಗಿತ್ತು ಎಂದು ಈಗಲೂ ನಂಬಿದ್ದೇನೆ.

43ನೆಯ ನಡೆಯಲ್ಲಿ ನಾನು ಆನೆಯನ್ನು ಸಿ5ರಲ್ಲಿ ಇಟ್ಟೆ. ಡಿ5ರ ಪದಾತಿಯ ಮೇಲೆ ಕಣ್ಣು, ಜೊತೆಗೆ ಸಿ8ರಲ್ಲಿದ್ದ ಅವರ ಆನೆಗೆ ಬದಲಾವಣೆಯ ಆಹ್ವಾನ. ಕಪ್ಪು ರಾಜ ಇ6ರಲ್ಲಿದ್ದು ಡಿ5ನ್ನು ಕಾಯುತ್ತಿದ್ದುದರಿಂದ ಅವರಿಗೆ ಅವಸರವೇನೂ ಇರಲಿಲ್ಲ. ಆನೆಯನ್ನು ಬಿ8ಕ್ಕೆ ತಂದು ಚೆಕ್ ಕೊಟ್ಟಿದ್ದರೆ ನಾನು ಗೆಲ್ಲುವ ದಾರಿಯೇ ನನಗೆ ಕಾಣುವುದಿಲ್ಲ. ನಾನು ಎ4ಕ್ಕೆ ಸರಿದರೆ ಬಿ2ರಿಂದ ನನ್ನ ಎಫ್2ರ ಮೇಲೆ ಬೀಳುವ ಅವಕಾಶವೂ ಅವರಿಗಿತ್ತು. ಆದರೆ ಅವರು ಆನೆಯನ್ನು ಹೊಡೆದರು. ಆಟ ಮುಗಿದ ಮೇಲೆ ಅವರೇ ಹೇಳಿದಂತೆ, ಮುಂದೆ ಬಂದ ತಮ್ಮ ಮೂರು ಪದಾತಿಗಳು ಪದಾತಿಗಳ ಎಂಡ್‌ಗೇಮಿನಲ್ಲಿ (ರಾಜ, ಪದಾತಿಗಳಷ್ಟೇ ಉಳಿದ ಆಟದ ಕೊನೆಯ ಹಂತದಲ್ಲಿ) ಏನಾದರೂ ಮಾಡಿಯಾವು ಎಂಬ ಭರವಸೆ ಅವರಿಗಿತ್ತು. ಆ ಭರವಸೆ ಎಷ್ಟು ನಿಜವಾಗಿತ್ತೆಂಬುದು ಆ ಹೊತ್ತಿನಲ್ಲಿ ಅವರಿಗೂ ತಿಳಿದಿರಲಿಲ್ಲ.

44ರಲ್ಲಿ ನಾನು ರಾಜನಿಂದಲೇ ಹೊಡೆದೆ. ಡಿ ಪದಾತಿಯಿಂದ ಹೊಡೆದಿದ್ದರೆ ಇಬ್ಬರಿಗೂ ಎದುರು ತಡೆಯುವವರಿಲ್ಲದ ಪದಾತಿ ಒಂದೊಂದು ಸಿಕ್ಕಿ ನನ್ನ ರಾಜನ ಮೇಲುಗೈ ವ್ಯರ್ಥವಾಗುತ್ತಿತ್ತು. ಈಗಿನ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿ ನೋಡುವವರಿಗಾಗಿ ಬರೆಯುತ್ತೇನೆ: ಬಿಳಿಯ ರಾಜ ಸಿ5, ಪದಾತಿಗಳು ಡಿ4, ಎಫ್2, ಜಿ2, ಎಚ್2, ಕಪ್ಪಿನ ರಾಜ ಇ6, ಪದಾತಿಗಳು ಡಿ5, ಎಫ್5, ಜಿ5, ಎಚ್5, ನಡೆ ಕಪ್ಪಿನದು. ಬಲ ಸಮ, ಆದರೆ ರಾಜರು ಸಮರಲ್ಲ. ನನ್ನ ರಾಜ ಸಿ5ರಲ್ಲಿದ್ದರೂ ಸಿ6ರಲ್ಲಿದ್ದರೂ ಡಿ5ರ ಮೇಲಿನ ಒತ್ತಡ ತಪ್ಪುವುದಿಲ್ಲ, ಆದ್ದರಿಂದ ಈ ಎರಡು ಮನೆಗಳ ನಡುವೆ ಓಡಾಡಿಕೊಂಡು ನಾನು ಬೇಕಾದಷ್ಟು ಕಾಯಬಲ್ಲೆ. ಕಪ್ಪು ರಾಜನೋ ಇ6ನ್ನು ಬಿಟ್ಟ ಕ್ಷಣ ಡಿ5 ಬೀಳುತ್ತದೆ. ಹಾಗಾಗಿ ಅವರಿಗೆ ಉಳಿದದ್ದು ಪದಾತಿಗಳ ನಡೆಗಳು ಮಾತ್ರ. ಅವು ತೀರಿದ ಮೇಲೆ ರಾಜ ಒಲ್ಲದ ಮನಸ್ಸಿನಿಂದ ಕದಲಲೇಬೇಕು. ಆಡಲೇಬೇಕಾದ ಸರದಿಯೇ ಶಾಪವಾಗುವ ಈ ಪರಿಸ್ಥಿತಿಯನ್ನು ಚದುರಂಗದವರು ಜುಗ್‌ಜ್ವಾಂಗ್ ಎನ್ನುತ್ತಾರೆ.

ನಾನು ಬೆರಳೆಣಿಸಿದೆ. ಎಫ್4 ಒಂದು, ಜಿ4 ಎರಡು, ಎಚ್4 ಮೂರು. ಅಲ್ಲಿಗೆ ಅವರ ಪದಾತಿಗಳು ನನ್ನವುಗಳಿಂದ ಒಂದೇ ಮನೆ ಆಚೆ ಬಂದು ನಿಲ್ಲುತ್ತವೆ. ಆಮೇಲೆ ಮುಂದಿಡುವ ಪದಾತಿ ನನಗೆ ತುತ್ತು. ನನ್ನ ಪದಾತಿಗಳನ್ನು ಮುಟ್ಟದೆ ಬಿಟ್ಟರೆ ಸಾಕು, ಕದಲದ ಪದಾತಿಗಳಲ್ಲಿ ದೌರ್ಬಲ್ಯವಿಲ್ಲ ಎಂದು ಓದಿದ್ದು ಸಾಲದೇ? ಗಡಿಯಾರದಲ್ಲಿ ನನಗೆ ಹನ್ನೊಂದು ನಿಮಿಷಗಳಿದ್ದವು, ಪ್ರತಿ ನಡೆಗೆ 30 ಸೆಕೆಂಡುಗಳ ಸೇರ್ಪಡೆ ಬೇರೆ. ಸಮಯವಿಲ್ಲದೆ ತಪ್ಪಿದೆ ಎಂಬ ನೆಪವೂ ನನಗಿಲ್ಲ. ಆಟ ಹೀಗೆ ಸಾಗಿತು (ಮೂರು ಚುಕ್ಕೆಗಳ ನಂತರದ್ದು ಕಪ್ಪಿನ ನಡೆ): 44...ಎಫ್4, 45.ರಾಜ ಸಿ6 ಜಿ4, 46.ರಾಜ ಸಿ5 ಎಚ್4, 47.ರಾಜ ಸಿ6. ಈ ಮೂರು ನಡೆಗಳನ್ನು ನಾನು ಒಂದೂವರೆ ನಿಮಿಷದೊಳಗೆ ಆಡಿ ಮುಗಿಸಿ, ನೀರು ಕುಡಿಯಲು ಎದ್ದು ಹೋಗಿದ್ದೆ.

ಎದ್ದು ಹೋದ ಆ ಹೊತ್ತಿನಲ್ಲಿ ಬೋರ್ಡಿನ ಮೇಲೆ ಇದ್ದದ್ದು ಇದು: ಕಪ್ಪಿನ ಎಫ್4, ಜಿ4, ಎಚ್4, ಅವುಗಳೆದುರು ಬಿಳಿಯ ಎಫ್2, ಜಿ2, ಎಚ್2, ನನ್ನ ರಾಜ ಅಷ್ಟು ದೂರದ ಸಿ6ರಲ್ಲಿ. ಎಂಡ್‌ಗೇಮ್ ಕಲಿಯುವವರಿಗೆ ಮೊದಮೊದಲ ಪಾಠಗಳಲ್ಲಿಯೇ ಬರುವ ಚಿತ್ರ ಇದೇ. ಕಪ್ಪು 47...ಜಿ3 ಆಡಿದ್ದರೆ ಆಟ ಮುಗಿಯುತ್ತಿತ್ತು, ಆದರೆ ನನ್ನ ಪಾಲಿಗೆ. ಎಚ್ ಪದಾತಿಯಿಂದ ಹೊಡೆದರೆ ಕಪ್ಪು 48...ಎಫ್3 ಎಂದು ಎರಡನೆಯದನ್ನೂ ಬಲಿಕೊಡುತ್ತದೆ. ನಾನು ಜಿ2ರಿಂದ ಎಫ್3ನ್ನು ಹೊಡೆದರೆ ಎಚ್ ಪದಾತಿ ಎಚ್3, ಎಚ್2, ಎಚ್1 ಎಂದು ನೆಟ್ಟಗೆ ನಡೆದು ಮಂತ್ರಿಯಾಗುತ್ತದೆ, ಬದಲಿಗೆ ಎಚ್4ನ್ನು ಹೊಡೆದರೆ ಎಫ್3ರ ಪದಾತಿ ಜಿ2ನ್ನು ತಿಂದು ಜಿ1ರಲ್ಲಿ ಮಂತ್ರಿಯಾಗುತ್ತದೆ. ಎಫ್ ಪದಾತಿಯಿಂದ ಹೊಡೆದರೂ ಕತೆ ಬೇರೆಯಲ್ಲ: 48...ಎಚ್3, ಆಮೇಲೆ ಜಿ2ರಿಂದ ಹೊಡೆದರೆ ಎಫ್3 ಓಡುತ್ತದೆ, ಹೊಡೆಯದಿದ್ದರೆ ಎಚ್3ರ ಪದಾತಿ ಜಿ2ನ್ನು ತಿಂದು ಜಿ1 ಸೇರುತ್ತದೆ. ಏನನ್ನೂ ಹೊಡೆಯದೆ ರಾಜನನ್ನು ಆಡಿಸಿದರೆ ಜಿ3ರ ಪದಾತಿ ತನಗಿಷ್ಟವಾದ ಬದಿಯಲ್ಲಿ ಹೊಡೆದು ಒಳನುಗ್ಗುತ್ತದೆ. ಇ6ರಲ್ಲಿ ನಿಂತ ಕಪ್ಪು ರಾಜ ಡಿ5ನ್ನು ಕಾಯುತ್ತಲೇ ಇರುವುದರಿಂದ ನನ್ನ ಡಿ ಪದಾತಿಗೆ ಓಟದಲ್ಲಿ ಭಾಗವಹಿಸುವ ಯೋಗವೂ ಇಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಈ ಲೆಕ್ಕ ನನಗೆ ಬಾರದ್ದಲ್ಲ ಎಂಬುದು. ಪದಾತಿಗಳನ್ನು ಬಲಿಕೊಟ್ಟು ಒಂದನ್ನು ದಾಟಿಸುವ ಈ ಭೇದನವನ್ನು ಬಾಲ್ಯದಲ್ಲಿಯೇ ಕಲಿತಿದ್ದೇನೆ, ಕಿರಿಯರಿಗೆ ಕಲಿಸಿಯೂ ಇದ್ದೇನೆ. ಆದರೆ ಕಲಿತದ್ದು ಬಿಳಿಯ ಪದಾತಿಗಳು ಎ5, ಬಿ5, ಸಿ5ರಲ್ಲಿಯೂ ಕಪ್ಪಿನವು ಎ7, ಬಿ7, ಸಿ7ರಲ್ಲಿಯೂ ಇರುವ ಚಿತ್ರವಾಗಿ. ಬಿಳಿ ಬಿ6 ಆಡಿ ಗೆಲ್ಲುವುದಾಗಿ. ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿ ಹಿಡಿದರೆ ಆ ಚಿತ್ರವೇ ನನ್ನ ಆಟದ ಎಫ್, ಜಿ, ಎಚ್ ಸಾಲುಗಳು. ಒಂದು ಮನೆಯೂ ಆಚೀಚೆಯಿಲ್ಲ. ಭೇದಿಸುವವನು ನಾನಾಗಿದ್ದರೆ ಬಹುಶಃ ಒಂದು ಕ್ಷಣದಲ್ಲಿ ಗುರುತು ಸಿಗುತ್ತಿತ್ತು. ಎದುರಿನವರ ಪದಾತಿಗಳು ನನ್ನ ಕಡೆಗೆ ಇಳಿದು ಬರುತ್ತಿದ್ದಾಗ ನಾನು ಅವುಗಳಲ್ಲಿ ಕಂಡದ್ದು ಮುಗಿಯುತ್ತಿರುವ ನಡೆಗಳ ಸಂಖ್ಯೆಯನ್ನು ಮಾತ್ರ. ಮೂರು, ಎರಡು, ಒಂದು ಎಂದು ಇಳಿಯೆಣಿಕೆ ಮಾಡುತ್ತಿದ್ದವನಿಗೆ ಆ ಮೂರೂ ಸೇರಿ ಒಂದು ಆಕಾರವಾಗುತ್ತಿದೆ ಎಂಬುದು ಹೊಳೆಯಲಿಲ್ಲ.

ಹಾಗಾದರೆ ಸರಿಯಾದ ನಡೆ ಯಾವುದು? 47.ಜಿ3. ನಡುವಿನ ಪದಾತಿಯೇ ಮುಂದೆ ಬಂದು ಅವರಿಗೆ ಬೇಕಾದ ಮನೆಯನ್ನು ಮೊದಲೇ ಆಕ್ರಮಿಸಿಬಿಡುತ್ತದೆ. ಅಂಚಿನ ಪದಾತಿಗಳಿಂದ ನಾನು ಎಫ್3 ಆಡಿದರೆ ಕಪ್ಪಿನ ಎಚ್3, ಎಚ್3 ಆಡಿದರೆ ಕಪ್ಪಿನ ಎಫ್3 ನನ್ನನ್ನು ಸೋಲಿಸುತ್ತದೆ. ರಾಜನ ಯಾವ ನಡೆಯೂ ಉಪಯೋಗವಿಲ್ಲ. ಹೀಗೆ ಉಳಿಸುವ ನಡೆ ಒಂದೇ ಒಂದು, ಆದರೆ ಅದು ಉಳಿಸುವುದಷ್ಟೇ ಅಲ್ಲ, ಗೆಲ್ಲಿಸುತ್ತದೆ. ಅದರ ನಂತರವೂ ಎಚ್ಚರ ತಪ್ಪುವಂತಿಲ್ಲ. ಕಪ್ಪು ಎಚ್ ಪದಾತಿಯಿಂದ ಜಿ3ರಲ್ಲಿ ಹೊಡೆದರೆ ನಾನೂ ಎಚ್ ಪದಾತಿಯಿಂದಲೇ ಹೊಡೆಯಬೇಕು. ಎಫ್ ಪದಾತಿಯಿಂದ ಹೊಡೆದರೆ ನಾನೂ ಎಫ್ ಪದಾತಿಯಿಂದಲೇ. ಅದಲುಬದಲಾದರೆ ಮೊದಲ ಪಕ್ಷದಲ್ಲಿ ಎಫ್3, ಎರಡನೆಯದರಲ್ಲಿ ಎಚ್3, ತಡೆಯುವವರಿಲ್ಲದೆ ಓಡುತ್ತದೆ. ಸರಿಯಾಗಿ ಹೊಡೆದರೆ ಪದಾತಿಗಳು ಪರಸ್ಪರ ಮುಖಾಮುಖಿಯಾಗಿ ಸಿಕ್ಕಿಕೊಂಡು, ಕಪ್ಪಿನ ನಡೆಗಳು ನಿಜವಾಗಿಯೂ ತೀರಿ, ರಾಜ ಇ6ನ್ನು ಬಿಡಬೇಕಾಗುತ್ತದೆ. ಅಂದರೆ ನನ್ನ ಮೂಲ ಯೋಜನೆ ತಪ್ಪಾಗಿರಲಿಲ್ಲ. 45 ಮತ್ತು 46ನೆಯ ನಡೆಗಳಲ್ಲಿಯೂ ಜಿ3 ಆಡಬಹುದಿತ್ತು, ಆಗಲೂ ಗೆಲುವೇ. "ಮನೆಯ ಪದಾತಿಗಳನ್ನು ಮುಟ್ಟಬೇಡ" ಎಂಬ ನಿಯಮಕ್ಕೆ ನಾನು ಮೂರು ಸಲ ತಲೆಬಾಗಿದೆ. ಮೊದಲ ಎರಡು ಸಲ ಅದು ಕ್ಷಮಿಸಿತು.

ನೀರು ಕುಡಿದು ಬಂದಾಗ ಎದುರಾಳಿ ಇನ್ನೂ ಯೋಚಿಸುತ್ತಿದ್ದರು. ಅವರ ಬಳಿ ನಾಲ್ಕು ನಿಮಿಷಗಳೇ ಉಳಿದಿದ್ದವು. ಸುಮಾರು ಎರಡು ನಿಮಿಷ ಕಳೆದು ಅವರು 47...ಎಚ್3 ಆಡಿದರು. ಅವರೂ ನನ್ನಂತೆಯೇ ನಡೆಗಳನ್ನು ಎಣಿಸುತ್ತಿದ್ದರಂತೆ. ಎಚ್3ರಿಂದ ಇನ್ನೊಂದು ನಡೆಯಾದರೂ ಗಿಟ್ಟೀತು ಎಂಬುದು ಅವರ ಎಣಿಕೆ. 48.ಜಿ2ರಿಂದ ಎಚ್3, ಜಿ4ರಿಂದ ಎಚ್3; 49.ರಾಜ ಸಿ5 ಎಫ್3, 50.ರಾಜ ಸಿ6. ಈಗ ಕಪ್ಪಿನ ಎಫ್3, ಎಚ್3 ನನ್ನ ಎಫ್2, ಎಚ್2ಕ್ಕೆ ಡಿಕ್ಕಿ ಹೊಡೆದು ನಿಂತಿವೆ. 50...ರಾಜ ಎಫ್5, 51.ರಾಜ ಡಿ5ರಲ್ಲಿ ಹೊಡೆದ. ಅವರು ಗಡಿಯಾರ ನಿಲ್ಲಿಸಿ ಕೈ ಚಾಚಿದರು. ಅಂದ ಹಾಗೆ, 48ರಲ್ಲಿ ನಾನು ಎಚ್3ನ್ನು ಹೊಡೆದೊಡನೆ ಅವರು ಮರಳಿ ಹೊಡೆಯುವ ಬದಲು ಜಿ3 ಆಡಿ ಒಂದು ಬಲೆ ಬೀಸಬಹುದಿತ್ತು. ಎಚ್2ರಿಂದ ಹೊಡೆದರೆ ನನಗೆ ಏನೂ ಆಗುವುದಿಲ್ಲ, ಎಫ್2ರಿಂದ ಹೊಡೆದಿದ್ದರೆ ಎಫ್3 ಎಂದು ಮತ್ತೆ ಸೋಲು. ಆ ದಿನದ ನನ್ನ ಮನಃಸ್ಥಿತಿಯಲ್ಲಿ ಯಾವುದರಿಂದ ಹೊಡೆಯುತ್ತಿದ್ದೆನೋ ಆಣೆ ಮಾಡಿ ಹೇಳಲಾರೆ.

ಪಂದ್ಯದ ನಂತರ ಪಕ್ಕದ ಕೋಣೆಯಲ್ಲಿ ಇಬ್ಬರೂ ಕೂತು ಆಟವನ್ನು ಅರ್ಧ ಗಂಟೆ ಬಿಡಿಸಿ ನೋಡಿದೆವು. ಸುತ್ತ ನಾಲ್ಕೈದು ಜನ ಸೇರಿದ್ದರು. ಎಲ್ಲರ ಮಾತೂ ಆನೆಗಳ ಬದಲಾವಣೆಯ ಮೇಲೆಯೇ ನಿಂತಿತು: ಅದು ಬೇಕಿತ್ತೇ, ಬಿ8ರ ಚೆಕ್ ಕೊಟ್ಟಿದ್ದರೆ ಏನಾಗುತ್ತಿತ್ತು, ಎಫ್5 ಜಿ5 ಎಂದು ನುಗ್ಗಿದ್ದು ಅತಿಯಾಯಿತೇ ಎಂದು. ಪದಾತಿಗಳ ಎಂಡ್‌ಗೇಮನ್ನು "ಇಲ್ಲಿಂದ ಮುಂದೆ ತಾಂತ್ರಿಕ" ಎಂದು ಕೈಯಿಂದ ಗುಡಿಸಿಬಿಟ್ಟೆವು. ಅವರು ನನ್ನ ಸಂಯಮವನ್ನು ಹೊಗಳಿದರು, ನಾನು ವಿನಯದಿಂದ ತಲೆಯಾಡಿಸಿದೆ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಬೇರೆಯವರೇ ಆಗಬೇಕೆಂದಿಲ್ಲ, ಎತ್ತಿನ ಯಜಮಾನನೂ ಹಿಡಿಯುತ್ತಾನೆ. ಫಲಿತಾಂಶ ಗೊತ್ತಿದ್ದವನ ಕಣ್ಣಿಗೆ ಗೆದ್ದವನ ಪ್ರತಿ ನಡೆಯೂ ಗೆಲುವಿನ ಕಡೆಗೇ ಹೊರಟಂತೆ ಕಾಣುತ್ತದೆ. ಈ ಆಟ ಸೋತಿದ್ದರೆ 47ನೆಯ ನಡೆಯನ್ನು ಆ ರಾತ್ರಿಯೇ, ಯಂತ್ರವಿಲ್ಲದೆಯೇ, ಕಂಡುಹಿಡಿಯುತ್ತಿದ್ದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

1948ರಲ್ಲಿ ವಿಶ್ವ ಚಾಂಪಿಯನ್ ಆದ ಬೋಟ್ವಿನಿಕ್ ಆಟಗಾರರು ತಮ್ಮ ಆಟಗಳ ವಿಶ್ಲೇಷಣೆಯನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಪ್ರಕಟಿಸಬೇಕು, ಇತರರ ಟೀಕೆಗೆ ಒಡ್ಡಬೇಕು ಎನ್ನುತ್ತಿದ್ದರು. ನಾನಿದನ್ನು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ. 43ನೆಯ ನಡೆಯ ಬಿ8ರ ಚೆಕ್ಕಿನ ನಂತರ ಬಿಳಿಗೆ ಗೆಲ್ಲುವ ದಾರಿ ಇದೆಯೇ ಎಂಬುದನ್ನು ಯಾರಾದರೂ ಬೋರ್ಡಿನಲ್ಲಿ ಪರಿಶೀಲಿಸಿದರೆ ಸಂತೋಷ.

ನೋಟ್‌ಬುಕ್ಕಿನಲ್ಲಿ ಆ ಆಶ್ಚರ್ಯಸೂಚಕವನ್ನು ಅಳಿಸಲಿಲ್ಲ. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ದೊಡ್ಡ ತಪ್ಪಿನ ಗುರುತಾದ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಬರೆದೆ. ಎದುರಾಳಿಯ 47...ಎಚ್3ಕ್ಕೂ ಎರಡು ಬರೆಯಬೇಕಾಯಿತು. "ಕಪ್ಪಿಗೆ ಇನ್ನು ನಡೆಗಳೇ ಉಳಿದಿಲ್ಲ" ಎಂಬ ವಾಕ್ಯದ ಕೆಳಗೆ ಸೇರಿಸಿದ್ದು ಎರಡೇ ಅಕ್ಷರಗಳಷ್ಟು: ಜಿ3.