ಮೊದಲು ಪ್ರೊಸೆಸರಾ, ಗ್ರಾಫಿಕ್ಸ್ ಕಾರ್ಡಾ?

ನಮ್ಮನೆಯ ಗೇಮಿಂಗ್ ಕಂಪ್ಯೂಟರಿನಲ್ಲಿ ಆಡುವವರು ಇಬ್ಬರು, ನಾನು ಮತ್ತು ನನ್ನ ತಮ್ಮ. ಅವನಿಗೆ ಕೌಂಟರ್ ಸ್ಟ್ರೈಕ್ 2 ಸಾಕು. ನನಗೆ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆ ಹತ್ತಿ ಸುಮ್ನೆ ಕಾಡು ಸುತ್ತುವುದೇ ಖುಷಿ. ಒಳಗಿದ್ದದ್ದು 2018ರ ರೈಜನ್ 5 2600 ಪ್ರೊಸೆಸರ್ (ಆಟದ ಲೆಕ್ಕಾಚಾರ ಇದರದು), ಅದಕ್ಕಿಂತ ಹಳೆಯ 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ (ಚಿತ್ರ ಬಿಡಿಸುವುದು ಇದರ ಕೆಲಸ), ಇವೆರಡನ್ನೂ ಜೋಡಿಸುವ ಬಿ450 ಮದರ್‌ಬೋರ್ಡ್. ಎರಡು ಆಟಗಳೂ ತಡವರಿಸತೊಡಗಿದ್ದವು. ಕೈಯಲ್ಲಿದ್ದದ್ದು ಸುಮಾರು 20 ಸಾವಿರ. ಎರಡನ್ನೂ ಬದಲಿಸಲು ಅದು ಸಾಲದು.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, "ಕಾರ್ಡ್ ಹಾಕ್ಸಿ ಸರ್, ಎಲ್ಲಾ ಸರಿಹೋಗುತ್ತೆ" ಅಂದರು. ತಮ್ಮ ಮಾತ್ರ ಒಪ್ಪಲಿಲ್ಲ. "ಅಣ್ಣಾ, ಮೊದಲು ನೋಡೋಣ" ಅಂದ. ನೋಡಿದ್ದೇ ಒಳ್ಳೆಯದಾಯಿತು.

ಆಫ್ಟರ್‌ಬರ್ನರ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡೆವು. ಆಟ ನಡೆಯುವಾಗಲೇ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಅದು ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ನನ್ನ ಆಟದಲ್ಲಿ ಕಾರ್ಡ್ ಸದಾ 99 ಶೇಕಡಾ. ತಮ್ಮನ ಆಟದಲ್ಲಿ ಅದು 60ರ ಆಸುಪಾಸು, ಆದರೂ ಹೊಗೆ ಬಾಂಬ್ ಬಿದ್ದು ನಾಲ್ಕು ಜನ ಎದುರಾದರೆ ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು ಧಡಕ್ಕನೆ ಕುಸಿಯುತ್ತಿದ್ದವು. ಖಾತ್ರಿ ಮಾಡಿಕೊಳ್ಳಲು ರೆಸೊಲ್ಯೂಷನ್ (ಚಿತ್ರದ ಸೂಕ್ಷ್ಮತೆ) 1080ರಿಂದ 720ಕ್ಕೆ ಇಳಿಸಿದೆವು. ನನ್ನ ಆಟ ಹಗುರಾಗಿ ಓಡಿತು. ಅವನದು ಇದ್ದಲ್ಲೇ ಇತ್ತು. ಚಿತ್ರ ಬಿಡಿಸುವ ಕೆಲಸ ಅಷ್ಟು ಕಡಿಮೆಯಾದರೂ ವೇಗ ಏರಲಿಲ್ಲ ಅಂದರೆ ತಡೆ ಪ್ರೊಸೆಸರಿನದು.

ಅಂದರೆ ಅವನಿಗೆ ಪ್ರೊಸೆಸರ್ ಬೇಕು, ನನಗೆ ಕಾರ್ಡ್ ಬೇಕು. ದುಡ್ಡು ಒಂದಕ್ಕೇ.

ನನ್ನ ಮನಸ್ಸು ಗಟ್ಟಿಯಾದದ್ದು ಇಲ್ಲಿ. ಕಾರ್ಡಿನ ಕೊರತೆಯನ್ನು ಸೆಟ್ಟಿಂಗ್ಸ್ ಇಳಿಸಿ ತಕ್ಕಮಟ್ಟಿಗೆ ಮುಚ್ಚಬಹುದು. ನೆರಳು, ನೀರಿನ ಪ್ರತಿಫಲನ ಸ್ವಲ್ಪ ಕಡಿಮೆ ಮಾಡಿದರೆ ನನ್ನ ಕಾಡು ಆಗಲೂ ಚೆಂದವೇ. ಪ್ರೊಸೆಸರಿನ ಕೊರತೆಗೆ ಅಂಥ ದಾರಿ ತೀರಾ ಕಡಿಮೆ. ಮುಂದೆ ಹೊಸ ಕಾರ್ಡ್ ತಂದರೂ ಹಳೆಯ ಪ್ರೊಸೆಸರಿಗಾಗಿ ಅದು ಕಾಯುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಪ್ರೊಸೆಸರೇ ಮೊದಲು ಅಂದೆ.

ಆರಿಸಿದ್ದು 2022ರ ರೈಜನ್ 5 5600. ಇದರಲ್ಲೂ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). ಲೆಕ್ಕಕ್ಕೆ ಎರಡೂ ಒಂದೇ ಅಲ್ವಾ? ವ್ಯತ್ಯಾಸ ಒಳಗಿದೆ. 2600ರಲ್ಲಿ ಕೋರ್‌ಗಳು ಮೂರು ಮೂರರಂತೆ ಎರಡು ಗುಂಪು, ಗುಂಪಿಗೆ 8 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ವೇಗದ ಮೆಮೊರಿ. ಒಂದು ಗುಂಪಿಗೆ ಇನ್ನೊಂದರಲ್ಲಿರುವ ಮಾಹಿತಿ ಬೇಕಾದರೆ ಸುತ್ತಿ ಬರಬೇಕು. 5600ರಲ್ಲಿ ಆರೂ ಕೋರ್‌ಗಳಿಗೆ ಸೇರಿ 32 ಎಂಬಿ ಒಂದೇ ಕಡೆ ಇದೆ. ಒಂದೇ ಅಡುಗೆಮನೆಯಲ್ಲಿ ಎಲ್ಲ ಡಬ್ಬಿಗಳೂ ಕೈಗೆಟುಕುವಂತೆ ಇಟ್ಟ ಹಾಗೆ. ಆಟಗಳಿಗೆ ಇದು ಬಹಳ ಮುಖ್ಯ. ಮೇಲಾಗಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಅದೇ, ರ‍್ಯಾಮ್ ಅದೇ. ರೈಜನ್ ತಯಾರಿಸುವ ಎಎಂಡಿ ಇಷ್ಟು ವರ್ಷ ಒಂದೇ ಸಾಕೆಟ್ ಉಳಿಸಿಕೊಂಡದ್ದು ನಮ್ಮಂಥವರಿಗೆ ನಿಜವಾದ ಉಪಕಾರ.

ಹಳೆಯದನ್ನು ಬಿಚ್ಚುವ ಮೊದಲೇ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಹಳೆ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಮಳೆಗಾಲ ಬೇರೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಯುಪಿಎಸ್‌ಗೆ ಜೋಡಿಸಿದ ಮೇಲೇ ಪೆನ್‌ಡ್ರೈವ್ ಹಾಕಿದೆವು. ಆಮೇಲೆ ಸ್ವಲ್ಪ ಹೊತ್ತು ಆಟ ಆಡಿಸಿ ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಬಿಸಿಯಾಗಲು ಬಿಟ್ಟೆವು. ತಣ್ಣಗಿದ್ದಾಗ ಕೂಲರ್ ಎಳೆದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬರಬಹುದು, ಪಿನ್ ಬಾಗಬಹುದು. ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ತಿರುಗಿಸಿ ಎತ್ತಿದೆ. ಸಲೀಸಾಗಿ ಬಂತು.

ಈಗ ತಮ್ಮನ ಆಟ ಹೊಗೆಯ ನಡುವೆಯೂ ತಡವರಿಸುವುದಿಲ್ಲ. ನನ್ನ ಆಟದ ಫ್ರೇಮ್ ಸಂಖ್ಯೆ ಹೆಚ್ಚೇನೂ ಬದಲಾಗಿಲ್ಲ, ಅದು ಗೊತ್ತಿದ್ದದ್ದೇ. ಉಳಿದ ದುಡ್ಡು ಹಾಗೇ ಇಟ್ಟಿದ್ದೇವೆ. ಕಣ್ಣಿಟ್ಟಿರುವುದು ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಮೇಲೆ. ಅದಕ್ಕೆ ಬೇಕಾದ ವಿದ್ಯುತ್ 132 ವ್ಯಾಟ್, ನಮ್ಮ 450 ವ್ಯಾಟಿನ ಪವರ್ ಸಪ್ಲೈ ಬದಲಿಸಬೇಕಿಲ್ಲ.