ಕೈ ಸೊಂಟಕ್ಕೆ ತಾಗ್ಲಿ ಬಿಡಿ

ಮಗಳು ಬೇಸ್‌ಬಾಲ್ ಥರದ ಆಟ ಸಾಫ್ಟ್‌ಬಾಲಲ್ಲಿ ಪಿಚಿಂಗ್, ಅಂದ್ರೆ ಬ್ಯಾಟ್ ಹಿಡ್ಕೊಂಡೋರಿಗೆ ಬಾಲ್ ಎಸೆಯೋದು, ಶುರು ಮಾಡಿ ಮೂರು ವರ್ಷ ಆಯ್ತು, ಅಷ್ಟೂ ದಿನ ನಾನು ಬೋರಲು ಹಾಕಿದ ಬಕೆಟ್ ಮೇಲೆ ಕೂತು ಅವಳ ಬಾಲ್ ಹಿಡಿಯೋದ್ರಲ್ಲೇ ಕಳ್ದಿದೀನಿ. ಸೊಂಟ ನೋವು ನಂದು, ಭುಜ ನೋವು ಅವಳದು. ಅವಳ ಭುಜ ನೋವಿಗೆ ಮುಕ್ಕಾಲು ಪಾಲು ಕಾರಣ ನಾನೇ ಅಂತ ಗೊತ್ತಾಗಿದ್ದು ಹೋದ ಸೀಸನ್ನಲ್ಲಿ. ಅದನ್ನೇ ಇಲ್ಲಿ ಬರೀತಿದೀನಿ, ನನ್ನ ಥರ ಕ್ರಿಕೆಟ್ ತಲೆ ಇಟ್ಕೊಂಡು ಸಾಫ್ಟ್‌ಬಾಲ್ ಹೇಳ್ಕೊಡೋಕೆ ಹೋಗೋ ಅಪ್ಪಂದಿರು ಇನ್ನೂ ಇರ್ತಾರೆ ಅನ್ಸುತ್ತೆ.

ಆಟ ನೋಡಿಲ್ದೋರಿಗೆ ಒಂದ್ ಮಾತು. ಫಾಸ್ಟ್‌ಪಿಚ್ ಸಾಫ್ಟ್‌ಬಾಲಲ್ಲಿ ಪಿಚರ್ ಕೈನ ಗಾಳಿಯಂತ್ರದ ರೆಕ್ಕೆ ಥರ ಪೂರ್ತಿ ಒಂದ್ ಸುತ್ತು ತಿರುಗ್ಸಿ ಸೊಂಟದ ಹತ್ರ ಬಾಲ್ ಬಿಡ್ತಾಳೆ, ಅದಕ್ಕೇ ವಿಂಡ್‌ಮಿಲ್ ಅನ್ನೋದು. ಅಂಡರ್‌ಆರ್ಮ್ ಅಂದ ತಕ್ಷಣ ಮಕ್ಕಳಿಗೆ ಮೆಲ್ಲಗೆ ಎಸೆಯೋದು ಅನ್ಕೋಬೇಡಿ, ಅಮೆರಿಕದ ಪಿಚರ್ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದಿದಾರೆ, ಅದೂ ಬ್ಯಾಟ್ ಹಿಡ್ಕೊಂಡೋರು ನಲವತ್ತಮೂರು ಅಡಿ ದೂರದಲ್ಲಿ ನಿಂತಿರ್ತಾರೆ.

ಎಡವಟ್ಟು ಶುರುವಾಗಿದ್ದು ಮಗಳು ಹತ್ತರ ಗುಂಪಿಂದ ಹನ್ನೆರಡರ ಗುಂಪಿಗೆ ಹೋದಾಗ. ಅಮೆರಿಕದಲ್ಲಿ ಈ ಆಟ ನಡೆಸೋ ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆ ನಿಯಮದಲ್ಲಿ ಹತ್ತು ವರ್ಷದೊಳಗಿನೋರಿಗೆ 35 ಅಡಿ ದೂರ, 11 ಇಂಚು ಬಾಲು, ಹನ್ನೆರಡರ ಗುಂಪಿಗೆ 40 ಅಡಿ, 12 ಇಂಚು. ಇಂಚು ಅನ್ನೋದು ಸುತ್ತಳತೆ. ಒಂದ್ ಇಂಚಲ್ವಾ, ಏನ್ ಮಹಾ ಅಂತ ನಾನೂ ಅನ್ಕೊಂಡಿದ್ದೆ, ಹೊಸ ಬಾಲ್ ಅವಳ ಕೈಗಿಟ್ಟಾಗ ಬೆರಳು ಹೊಲಿಗೆ ಮುಟ್ಟೋಕೇ ಒದ್ದಾಡ್ತಿದ್ವು, ಎರಡು ಬೆರಳಲ್ಲಿ ಹಿಡೀತಿದ್ದೋಳು ಮೂರು ಹಾಕಿದ್ಲು, ಅದೂ ಸಾಲ್ದೆ ಬಾಲನ್ನ ಅಂಗೈ ಒಳಗೇ ತುರುಕಿಕೊಂಡ್ಲು. ಒಂದ್ ಕಡೆ ಬಾಲ್ ದಪ್ಪ ಆಯ್ತು, ಇನ್ನೊಂದ್ ಕಡೆ ಐದಡಿ ದೂರ ಜಾಸ್ತಿ ಆಯ್ತು, ಎರಡೂ ಒಂದೇ ದಿನ. ಮಗು ಏನ್ಮಾಡುತ್ತೆ? ಹಲ್ಲು ಕಚ್ಚಿ ಜೋರಾಗಿ ಎಸೆಯುತ್ತೆ. ಕೈ ಸೆಟೆದು ಕೋಲಾಗಿ, ಭುಜ ಕಿವಿ ಹತ್ರ ಬಂದು, ಬಾಲ್ ಒಂದ್ಸಲ ಕ್ಯಾಚರ್ ತಲೆ ಮೇಲೆ, ಇನ್ನೊಂದ್ಸಲ ಮಣ್ಣಿಗೆ.

ಆಗ ನಾನು ಕೊಟ್ಟ ಪರಿಹಾರ ಕೇಳಿ. ನನ್ನ ತಲೇಲಿ ಮಣಿಕಟ್ಟು ಅಂದ್ರೆ ಲೆಗ್ ಸ್ಪಿನ್ನರ್. ಹಂಗಾಗಿ ದಿನಾ ವಾರ್ಮಪ್‌ಗೆ ನಿಂತಲ್ಲೇ ಬರೀ ಮಣಿಕಟ್ಟು ಒದರಿ ಐವತ್ತು ಬಾಲ್ ಹಾಕಿಸ್ತಿದ್ದೆ, ಬಾಲ್ ಬಿಟ್ಮೇಲೆ ಮೊಣಕೈ ಮಡಚಿ ಮೂಗಿನ ಮುಂದೆ ಬರ್ಬೇಕು ಅಂತ ಕೂಗ್ತಿದ್ದೆ, ಸುತ್ತಮುತ್ತ ಇದ್ದ ಬೇರೆ ಅಪ್ಪ ಅಮ್ಮಂದಿರೂ ಅದನ್ನೇ ಹೇಳ್ತಿದ್ರು ಅಂತ ಧೈರ್ಯ ಬೇರೆ. ಒಂದ್ ದಿನ ಅವಳು "ಅಪ್ಪಾ, ಬಿಡೋವಾಗ ಕೈ ಸೊಂಟಕ್ಕೆ ತಾಗುತ್ತೆ, ಇಲ್ಲಿ ನೋಡು" ಅಂತ ಮುಂಗೈ ಒಳಭಾಗ ತೋರ್ಸಿದ್ಲು, ಕೆಂಪಗಾಗಿತ್ತು. ನಾನು ದೊಡ್ಡ ಮೇಷ್ಟ್ರು ಥರ, "ತಾಗಿಸ್ಬೇಡ ಪುಟ್ಟಿ, ಕೈ ದೂರ ಇಟ್ಟು ಎಸಿ" ಅಂದೆ. ಇಡೀ ಸೀಸನ್ನಲ್ಲಿ ನಾನ್ ಕೊಟ್ಟ ಅತಿ ಕೆಟ್ಟ ಸಲಹೆ ಅದು.

ಎರಡು ತಿಂಗಳಾದ್ಮೇಲೆ ಭುಜದ ಮುಂಭಾಗದಲ್ಲಿ ನೋವು ಅಂದ್ಲು, ತಲೆ ಬಾಚ್ಕೊಳೋಕೆ ಕೈ ಎತ್ತಿದ್ರೂ ನೋವು. ಪಿಚಿಂಗ್ ಪೂರ್ತಿ ನಿಲ್ಲಿಸಿ ಫಿಸಿಯೋ ಹತ್ರ ಕರ್ಕೊಂಡ್ ಹೋದ್ವಿ, ಅವರು ಮೊದ್ಲು ಕೇಳಿದ್ದೇ "ವಾರಕ್ಕೆ ಎಷ್ಟು ಪಿಚ್?" ಅಂತ, ನನ್ ಹತ್ರ ಉತ್ತರ ಇರ್ಲಿಲ್ಲ. ಅಂಡರ್‌ಆರ್ಮ್ ಎಸೆತ ಸಹಜ, ಭುಜಕ್ಕೇನೂ ಆಗಲ್ಲ ಅನ್ನೋ ಮಾತು ಎಲ್ಲಾ ಕಡೆ ಓಡಾಡುತ್ತೆ, ಅದು ಸುಳ್ಳು. ಸ್ನಾಯುಗಳ ಕೆಲಸ ಅಳೆದು ನೋಡಿದಾಗ ವಿಂಡ್‌ಮಿಲ್ ಪಿಚ್ಚಲ್ಲಿ ಬೈಸೆಪ್ಸ್ (ತೋಳಿನ ಮುಂಭಾಗದ ಸ್ನಾಯು) ಮೇಲಿಂದ ಎಸೆಯೋದಕ್ಕಿಂತ ಜಾಸ್ತಿ ದುಡಿಯುತ್ತೆ ಅಂತ ಗೊತ್ತಾಗಿದೆ, ಅದೂ ಕೈ ಹಿಂದಿಂದ ಕೆಳಗಿಳಿದು ಬಾಲ್ ಬಿಡೋ ಆ ಕೊನೇ ಕಾಲು ಸುತ್ತಲ್ಲಿ. ಬೇಸ್‌ಬಾಲ್ ಆಡೋ 11-12 ವಯಸ್ಸಿನ ಮಕ್ಕಳಿಗೆ ಅಮೆರಿಕದ ಮಕ್ಕಳ ಆಟದ ಸಂಸ್ಥೆ ಲಿಟಲ್ ಲೀಗ್ ದಿನಕ್ಕೆ 85 ಪಿಚ್ ಅಂತ ಮಿತಿ ಇಟ್ಟಿದೆ, ಸಾಫ್ಟ್‌ಬಾಲ್ ಹುಡುಗೀರಿಗೆ ಅಂಥ ಲೆಕ್ಕ ಇಟ್ಟಿಲ್ಲ. ಯಾರೋ ಒಬ್ರು ನಂಗೆ ಜಪಾನಿನ ಯುಕಿಕೊ ಉಯೆನೊ 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಎರಡೇ ದಿನದಲ್ಲಿ 413 ಪಿಚ್ ಹಾಕಿ ಚಿನ್ನ ಗೆಲ್ಸಿದ್ದನ್ನ ಉದಾಹರಣೆ ಕೊಟ್ರು. ಅಯ್ಯೋ, ಆಕೆಗೆ ಇಪ್ಪತ್ತಾರು ವರ್ಷ ಸ್ವಾಮಿ, ನನ್ ಮಗಳಿಗೆ ಹನ್ನೊಂದು.

ಆ ರಜದಲ್ಲಿ ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅಂದ್ರೆ ಹಳೇ ಸ್ಲೋ ಮೋಷನ್ ವಿಡಿಯೋಗಳನ್ನ ಹುಡುಕಿ, ದೊಡ್ಡ ಪಿಚರ್‌ಗಳ ವಿಡಿಯೋ ಪಕ್ಕ ಇಟ್ಟು ಒಂದೊಂದೇ ಫ್ರೇಮ್ ತಳ್ಳಿ ನೋಡಿದ್ದು. ಮೊದಲ್ನೇ ರಾತ್ರಿಯೇ ಹೊಟ್ಟೆಯೊಳಗೆ ಕಲ್ಲು ಬಿದ್ದಂಗಾಯ್ತು. ದೊಡ್ಡೋರೆಲ್ಲರ ಮುಂಗೈ ಸೊಂಟದ ಪಕ್ಕ ಸವರಿಕೊಂಡೇ ಹೋಗುತ್ತೆ! ಚಾಟಿ ಬೀಸಿದೋರಿಗೆ ಇದು ಗೊತ್ತಿರುತ್ತೆ, ಹಿಡಿ ಗಕ್ಕಂತ ನಿಂತಾಗ್ಲೇ ತುದಿ ಛಟೀರ್ ಅನ್ನೋದು. ಇಲ್ಲೂ ಅಷ್ಟೇ, ತೋಳಿನ ಮೇಲ್ಭಾಗ ಪಕ್ಕೆಗೆ ಒರಗಿ ನಿಧಾನ ಆಗುತ್ತೆ, ಆ ವೇಗ ಮುಂಗೈಗೆ, ಅಲ್ಲಿಂದ ಬೆರಳಿಗೆ ಹೋಗುತ್ತೆ, ಮುಂಗೈ ಒಳಮುಖ ತಿರುಗ್ತಾ ಬಾಲ್ ಬಿಡುತ್ತೆ, ಮಣಿಕಟ್ಟನ್ನ ಬೇರೆ ಒದರೋದೇ ಬೇಡ. ಮೂಗಿನ ಮುಂದೆ ಬರೋ ಮೊಣಕೈ ಹುಡುಕಿದೆ ಹುಡುಕಿದೆ, ಬಾಲ್ ಕೈ ಬಿಟ್ಟಾದ್ಮೇಲೆ ಕೈ ತಾನಾಗೇ ಎಲ್ಲಿಗೋ ಹೋಗ್ತಿತ್ತು ಅಷ್ಟೇ, ಬಾಲ್ ಹೋದ್ಮೇಲೆ ಕೈ ಎಲ್ಲಿಗ್ ಹೋದ್ರೆ ಬಾಲ್‌ಗೇನು? ನನ್ ಮಗಳ ವಿಡಿಯೋದಲ್ಲಿ ಕೈ ಸೊಂಟದಿಂದ ಒಂದ್ ಗೇಣು ದೂರ, ಕೋಲಿನ ಹಾಗೆ ನೆಟ್ಟಗೆ, ತೋಳು ತಡೆಯೋಕೆ ಏನೂ ಇಲ್ಲ, ಅಷ್ಟೂ ಭಾರ ಭುಜವೇ ಹೊತ್ಕೊಂಡಿದೆ. ನಾನೇ ದೂರ ಇಡ್ಸಿದ್ದು.

ಇನ್ನೊಂದು ಸಣ್ಣ ವಿಷ್ಯ ಕಾಣಿಸ್ತು. ಕೈ ಹಿಂದಕ್ಕೆ ನೆಲಕ್ಕೆ ಸಮ ಆದಾಗ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆ ಅಂತಾರಲ್ಲ ಆ ಜಾಗದಲ್ಲಿ, ದೊಡ್ಡೋರ ಅಂಗೈ ಆಕಾಶ ನೋಡ್ತಿರುತ್ತೆ, ಮೊಣಕೈ ಸ್ವಲ್ಪ ಮಡಚಿರುತ್ತೆ. ಇವಳ ಅಂಗೈ ನೆಲ ನೋಡ್ತಿತ್ತು. ಅಲ್ಲಿಂದ ಮುಂಗೈ ತಿರುಗೋಕೆ ಜಾಗವೇ ಇಲ್ಲ, ತಳ್ಳೋದೊಂದೇ ದಾರಿ.

ವಾಪಸ್ ಶುರು ಮಾಡಿದಾಗ ನಲವತ್ತಡಿ ಮರ್ತೇಬಿಟ್ವಿ. ನೆಟ್‌ಗೆ ಹತ್ತಡಿ ದೂರ, ಕಾಲ್ಚೀಲ ಸುತ್ತಿ ಮಾಡಿದ ಉಂಡೆ, ಆ ಒಂಬತ್ತು ಗಂಟೆ ಜಾಗದಿಂದ ಬರೀ ಕೊನೇ ಕಾಲು ಸುತ್ತು. ಗುರಿ ಬೇಡ, ವೇಗ ಬೇಡ, ಮುಂಗೈ ಸೊಂಟಕ್ಕೆ ಸವರ್ಬೇಕು ಅಷ್ಟೇ. ಹೊಡ್ಕೊಬಾರ್ದು, ಸವರ್ಬೇಕು, ಇದ್ರಲ್ಲಿ ವ್ಯತ್ಯಾಸ ಇದೆ. ಕೆಂಪಗಾಗೋ ಹಾಗೆ ಬಡಿದ್ರೆ ಸೊಂಟ ಬೇಗ ಮುಂದಕ್ಕೆ ತಿರುಗಿ ಕೈಗೆ ಅಡ್ಡ ನಿಂತಿದೆ ಅಂತ ಅರ್ಥ, ಅಂದ್ರೆ ಮೊದಲ್ನೇ ದಿನ ಅವಳು ತೋರ್ಸಿದ ಆ ಕೆಂಪು ಕೈನ ದೂಷಿಸೋ ಬದ್ಲು ನಾನು ಕಾಲು ನೋಡ್ಬೇಕಿತ್ತು.

ಕಾಲಿನ ಕಥೆ ಬೇಗ ಮುಗಿಸ್ತೀನಿ. ನೆಲದ ಮೇಲೆ ಚಾಕ್‌ಪೀಸಲ್ಲಿ ರಬ್ಬರ್ (ಪಿಚರ್ ಕಾಲಿಟ್ಟು ನಿಲ್ಲೋ ಪಟ್ಟಿ) ಮಧ್ಯದಿಂದ ಬ್ಯಾಟ್ ಹಿಡ್ಕೊಂಡೋರ ಪಕ್ಕದ ಪ್ಲೇಟ್ ಕಡೆಗೆ ಒಂದ್ ಗೆರೆ ಎಳೆದ್ವಿ. ಬಲಗೈ ಪಿಚರ್ ಆದ್ರಿಂದ ಇವಳ ಎಡಗಾಲು ಆ ಗೆರೆ ಮೇಲೇ ಬೀಳ್ಬೇಕು, ಪಾದ ಓರೆಯಾಗಿ. ಇವಳದು ಗೆರೆ ದಾಟಿ ಬಲಕ್ಕೆ ಬೀಳ್ತಿತ್ತು, ಅದ್ರಿಂದಾನೇ ಸೊಂಟ ಅಡ್ಡ ಬಂದು ಕೈ ಸುತ್ತಿ ಬಳಸಿ ಬರ್ಬೇಕಾಗ್ತಿತ್ತು. ಹೆಜ್ಜೆ ಸರಿ ಹೋದ ವಾರ ಬಾಲ್ ಅರ್ಧಕ್ಕರ್ಧ ತಾನಾಗೇ ನೆಟ್ಟಗಾಯ್ತು, ನಾನು ಕೈ ಬಗ್ಗೆ ಒಂದ್ ಮಾತೂ ಆಡಿರ್ಲಿಲ್ಲ. ಜೊತೆಗೆ ಎಡಗಾಲು ಊರಿದ ಮೇಲೆ ಮಂಡಿ ಮುಂದಕ್ಕೆ ಕುಸೀಬಾರ್ದು, ಗಟ್ಟಿ ನಿಲ್ಬೇಕು, ಬಸ್ಸು ಬ್ರೇಕ್ ಹಾಕಿದಾಗ ಒಳಗಿದ್ದೋರು ಮುಂದಕ್ಕೆ ಹೋಗ್ತಾರಲ್ಲ ಹಂಗೆ ದೇಹ ನಿಂತ್ರೇನೇ ಕೈ ಹಾರೋದು. ಇದನ್ನ ಹೇಳಿದ್ಮೇಲೆ ಅವಳು ಪ್ರತೀ ಪಿಚ್‌ಗೂ ಬಾಯಲ್ಲಿ "ಕ್ರೀಚ್" ಅಂತ ಬ್ರೇಕ್ ಸೌಂಡ್ ಮಾಡೋಕೆ ಶುರು ಮಾಡಿದ್ಲು.

ಹಿಡಿತಕ್ಕೆ ಮಾತ್ರ ನಂಗೆ ಉಪಾಯ ಹೊಳೀಲಿಲ್ಲ, ಸದ್ಯಕ್ಕೆ ಮೂರು ಬೆರಳೇ ಇರ್ಲಿ ಅಂತ ಬಿಟ್ಟಿದೀವಿ, ಕೈ ಬೆಳೆದ್ಮೇಲೆ ಎರಡಕ್ಕೆ ಬರ್ತಾಳೆ. ಅಂಗೈಗೂ ಬಾಲ್‌ಗೂ ನಡುವೆ ಬೆಳಕು ಕಾಣ್ಬೇಕು ಅನ್ನೋದೊಂದೇ ನಿಯಮ. ಮೇಲಕ್ಕೇಳೋ ಹಾಗೆ ಕಾಣೋ ರೈಸ್ ಬಾಲ್ ಹೇಳ್ಕೊಡು ಅಂತ ಈಗ್ಲೇ ಪೀಡಿಸ್ತಿದಾಳೆ, ಇಲ್ಲ ಅಂದಿದೀನಿ, ಮೊದ್ಲು ಫಾಸ್ಟ್‌ಬಾಲ್, ಆಮೇಲೆ ಚೇಂಜಪ್, ಅಂದ್ರೆ ಬೇಕಂತ್ಲೇ ನಿಧಾನ ಹಾಕೋ ಬಾಲ್. ಪಿಚ್ ಲೆಕ್ಕ ಈಗ ಒಂದ್ ನೋಟ್‌ಬುಕ್ಕಲ್ಲಿ ಅವಳೇ ಬರ್ಕೋತಾಳೆ, ನೋವು ಇದ್ರೆ ಪಕ್ಕದಲ್ಲಿ ಒಂದು ಚುಕ್ಕೆ. ಕಳೆದ ಆರು ವಾರ ಚುಕ್ಕೆ ಇಲ್ಲ.

ನಿನ್ನೆ ನಲವತ್ತಡಿಯಿಂದ ಮೂವತ್ತು ಬಾಲ್ ಹಾಕಿದ್ಲು, ಹನ್ನೊಂದು ನನ್ನ ಗ್ಲೌಸ್ ಇಟ್ಟ ಜಾಗಕ್ಕೇ ಬಂತು, ಎರಡು ಬಕೆಟ್‌ಗೆ. ಮುಗಿದ್ಮೇಲೆ ಅವಳ ಬಿಳೀ ಪ್ಯಾಂಟ್ ಬಲಗಡೆ ಸೊಂಟದ ಹತ್ರ ಮುಂಗೈ ಧೂಳಿನ ಪಟ್ಟೆ, ಅಂಗೈ ಅಗಲ, ಉಜ್ಜಿ ಉಜ್ಜಿ ಕಂದಾಗಿತ್ತು. ಅವಳಮ್ಮ ಅದನ್ನ ಒಗೆಯೋಕೆ ಹಾಕೋವಾಗ ಇದೇನ್ ಕಲೆ ಅಂತ ಕೇಳಿದ್ಲು, ನಾವಿಬ್ರೂ ಮುಖ ಮುಖ ನೋಡ್ಕೊಂಡು ಸುಮ್ನಿದ್ವಿ.