‘ವಾಂತಿ ಬಂದಂಗ್ ಮಾಡ್ತೈತಿ, ಬರ್ತಿಲ್ಲ’

ದಾವಣಗೆರೆಯ ಒಂದು ಪೆಟ್ ಕ್ಲಿನಿಕ್‌ನಲ್ಲಿ ಫೋನ್ ಎತ್ತುವುದು, ಚೀಟಿ ಬರೆಯುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೆ ಯಾರಿಗೆ ‘ಈಗಲೇ ಬನ್ನಿ’, ಯಾರಿಗೆ ‘ಸಂಜೆ ಬನ್ನಿ’ ಅನ್ನುವುದು ನಾನೇ. ಅದರಲ್ಲೇ ಒಮ್ಮೆ ಎಡವಿದೆ.

ಸೇರಿ ಮೂರು ತಿಂಗಳಾಗಿತ್ತು. ಮಧ್ಯಾಹ್ನ ಎರಡು ಗಂಟೆ, ಡಾಕ್ಟ್ರು ಊಟಕ್ಕೆ ಹೋಗಿದ್ದರು. ವಿದ್ಯಾನಗರದ ಕಡೆಯಿಂದ ಒಬ್ಬ ಹಿರಿಯರ ಫೋನ್. "ನೋಡವ್ವಾ, ನಮ್ ನಾಯಿ ವಾಂತಿ ಬಂದಂಗ್ ಮಾಡ್ತೈತಿ, ಬರ್ತಿಲ್ಲ. ಒಂದ್ ಕಡೆ ಮಲಗ್ತಿಲ್ಲ." ಎಂಟು ವರ್ಷದ ಜರ್ಮನ್ ಶೆಫರ್ಡ್. ಬೆಳಿಗ್ಗೆ ಹೊಟ್ಟೆ ಬಿರಿಯ ತಿಂದಿತ್ತಂತೆ. ಅಜೀರ್ಣ ಅಂದುಕೊಂಡೆ. ಮಂಡಕ್ಕಿ-ಮಿರ್ಚಿ ಜಾಸ್ತಿ ತಿಂದ ದಿನ ನಮ್ಮಪ್ಪನೂ ಹೀಗೇ ಒದ್ದಾಡುತ್ತಾರೆ. "ಏನೂ ತಿನ್ನಿಸಬೇಡಿ, ಐದಕ್ಕೆ ಕರ್ಕೊಂಡು ಬನ್ನಿ" ಅಂದೆ.

ಐದಕ್ಕೆ ಬಂದಾಗ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಜೊಲ್ಲು ದಾರದಂತೆ ಇಳಿಯುತ್ತಿತ್ತು. ಡಾಕ್ಟ್ರು ತುಟಿ ಎತ್ತಿ ನೋಡಿದರೆ ಒಸಡು ಬೂದು ಬಣ್ಣ. ಗ್ಯಾಸ್ ತುಂಬಿ ಜಠರವೇ ತಿರುಚಿಕೊಂಡಿತ್ತು. ಹಾಗಾದಾಗ ಒಳಗಿರುವುದು ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ಅದಕ್ಕೇ ಬರೀ ಓಕರಿಕೆ. ಉಬ್ಬಿದ ಜಠರ ಹೃದಯಕ್ಕೆ ವಾಪಸ್ ಹೋಗುವ ರಕ್ತವನ್ನೂ ತಡೆಯುತ್ತದೆ. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ. ಆಪರೇಷನ್ನೇ ಆಗಬೇಕು, ಅದೂ ಬೇಗ. ಸೂಜಿ ಚುಚ್ಚಿ ಗ್ಯಾಸ್ ತೆಗೆದರು, ಡ್ರಿಪ್ ಹಾಕಿದರು. ಟೇಬಲ್ಲಿಗೆ ಎತ್ತುವ ಮೊದಲೇ ಹೋಯಿತು.

ಆ ಹಿರಿಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೈನ್ ಸುತ್ತಿ ಜೇಬಿಗೆ ಹಾಕಿಕೊಂಡು, ಬಿಲ್ ಎಷ್ಟಾಯ್ತು ಅಂತ ಕೇಳಿದರು.

"ಅವರು ಸರಿಯಾಗೇ ಹೇಳಿದ್ದರು. ನೀನು ‘ವಾಂತಿ’ ಅನ್ನೋದಷ್ಟೇ ಕೇಳಿಸಿಕೊಂಡೆ" ಅಂದರು ಡಾಕ್ಟ್ರು. ನಿಜ ಅಲ್ವಾ? ‘ಬರ್ತಿಲ್ಲ’ ಅನ್ನುವುದರಲ್ಲೇ ಎಲ್ಲ ಇತ್ತು.

ಈಗ ವಾಂತಿ ಅಂದರೆ, ಏನು ಬಂತು ಅಂತ ಮೊದಲು ಕೇಳುತ್ತೇನೆ. ಊಟ ಬಿಟ್ಟಿದೆ ಅಂತ ಎಲ್ಲರೂ ಹೇಳುತ್ತಾರೆ. ಬೆಳೆದ ನಾಯಿ ಒಂದು ಹೊತ್ತು ಬಿಟ್ಟು, ಉಳಿದಂತೆ ಚುರುಕಾಗಿದ್ದರೆ ಸಂಜೆವರೆಗೆ ಕಾಯಬಹುದು. ಗಂಡು ನಾಯಿ ಮತ್ತೆ ಮತ್ತೆ ಕಾಲೆತ್ತಿಯೂ ಉಚ್ಚೆ ಬರದಿದ್ದರೆ ಕಾಯುವಂತಿಲ್ಲ, ಕಲ್ಲು ಅಡ್ಡ ಕೂತಿರಬಹುದು. ಉಚ್ಚೆ ಚಹಾದ ಬಣ್ಣ ಇದ್ದರೆ ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ ಇತ್ತಾ ಅಂತ ಕೇಳುತ್ತೇನೆ, ಅದರಿಂದ ಬರುವ ಜ್ವರ ಇರಬಹುದು. ಲಸಿಕೆ ಆಗದ ಮರಿಗೆ ವಾಂತಿಯ ಜೊತೆ ರಕ್ತಭೇದಿ ಅಂದರೆ ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು. ತಕ್ಷಣ ಬನ್ನಿ, ಆದರೆ ಮರಿಯನ್ನು ಆಟೋದಿಂದ ಕೆಳಗೆ ಬಿಡಬೇಡಿ ಅನ್ನುತ್ತೇನೆ. ಬೇರೆ ನಾಯಿಗಳಿಗೆ ಹರಡುತ್ತದೆ.

ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಪಗ್‌ಗಳ ಫೋನ್ ಬಂದೇ ಬರುತ್ತದೆ. ಏದುಸಿರು ನಿಲ್ಲದೆ ಕಾಲು ತಡವರಿಸುತ್ತಿದ್ದರೆ, ತಣ್ಣೀರು ಸುರಿದು, ಫ್ಯಾನ್ ಹಾಕಿ, ಹಾಗೇ ಹೊರಟು ಬನ್ನಿ ಅನ್ನುತ್ತೇನೆ. (ಈ ಚಪ್ಪಟೆ ಮೂತಿಯ ನಾಯಿಗೆ ನಮ್ಮ ಊರು ಯಾಕೆ, ಅನ್ನುವ ಮಾತು ಬಾಯಿವರೆಗೆ ಬರುತ್ತದೆ.)

ಒಸಡು ನೋಡಿ ಅಂತ ಮಾತ್ರ ಎಲ್ಲರಿಗೂ ಹೇಳುತ್ತೇನೆ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಕೆಲವು ನಾಯಿಗಳ ಒಸಡು ಹುಟ್ಟಾ ಕಪ್ಪು. ಆಗ ಕಣ್ಣಿನ ಕೆಳರೆಪ್ಪೆ ಎಳೆದು ನೋಡಬೇಕು.

ಮೊನ್ನೆ ಒಬ್ಬರಿಗೆ ಸಿಟ್ಟು ಬಂತು.

"ನೀವೇನ್ ಡಾಕ್ಟ್ರೇನ್ರೀ?"

"ಅಲ್ಲ ಸರ್. ಒಸಡು ಯಾವ ಬಣ್ಣ ಐತಿ, ನೋಡಿ ಹೇಳಿ."